ನಾಗಲಾಂಬೆಯ ವಿಮಾನ ಮುಟ್ಟಿದವನು

"ಕೇಳ್ರಪ್ಪೋ ಕೇಳಿ. ಕಡೆಗೋಡಿನ ದೊರೆ ಇರುಂಗರಸರ ಅಪ್ಪಣೆ. ರಾಜಕುಮಾರಿ ನಾಗಲಾಂಬೆಯವರು ಸ್ವಂತ ಕೈಯಿಂದ ಕಟ್ಟಿದ ವಿಮಾನದ ಹಳೇ ಮುಳ್ಳಿನ ಮೀಟರುಗಳನ್ನು ತೆಗೆದು, ಗಾಜಿನ ಪರದೆಯ ಹೊಸ ಫಲಕ ಕೂರಿಸುವವರು ಬೇಕಾಗಿದ್ದಾರೆ. ಬಂದವರು ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ ಬಹುಮಾನ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ."

ಹೀಗಂತ ಡಂಗುರ ಸಾರಿದ್ದಾಯಿತು. ಹೊಸ ಫಲಕ ಬೇಕೆಂದಿದ್ದು ದೊರೆ. ಒಗಟು, ತಲೆದಂಡ ಎರಡೂ ಮಗಳ ಕಿತಾಪತಿ. ಯಾಕೆ ಅಂತೀರಾ? ಹೊಟ್ಟೆಕಿಚ್ಚು, ಮತ್ತೇನು.

ಆ ವಿಮಾನದ ಒಂದೊಂದು ರಿವೆಟ್ಟನ್ನೂ ನಾಗಲಾಂಬೆಯೇ ಹೊಡೆದಿದ್ದಳು. ಹೆತ್ತ ಅಪ್ಪನಿಗೂ ಪಕ್ಕದ ಸೀಟು ಕೊಟ್ಟವಳಲ್ಲ. ದಾಸಿ ರೆಕ್ಕೆಯ ಧೂಳು ಒರೆಸಿದರೂ ಅವತ್ತು ನಾಗಲಾಂಬೆಗೆ ಊಟ ಸೇರುತ್ತಿರಲಿಲ್ಲ. ಆದರೆ ಹಾರಿದಾಗಲೆಲ್ಲ ದಾರಿ ತಪ್ಪುತ್ತಿತ್ತು. ಹೋದ ಸುಗ್ಗಿಯಲ್ಲಿ ಪಕ್ಕದ ರಾಜ್ಯದ ಕಬ್ಬಿನ ಗದ್ದೆಯಲ್ಲಿ ಇಳಿದು ಮಾನ ಕಳೆದಿದ್ದಳು. "ನೀನೊಬ್ಬಳೇ ಮಾಡಿದ್ದು ಸಾಕು. ತಿಳಿದವರ ಕೈಯಲ್ಲಿ ಫಲಕ ಬದಲಾಯಿಸು, ಇಲ್ಲ ಹಾರುವುದು ಬಿಡು" ಅಂದುಬಿಟ್ಟ ದೊರೆ. ಸರಿ, ಯಾರು ಮುಟ್ಟುತ್ತಾರೋ ನಾನೂ ನೋಡುತ್ತೇನೆ ಅಂತ ಅವಳು ಕೂತಳು.

ಮೊದಲು ಬಂದವನು ಸಾರಂಗಪುರದ ಯುವರಾಜ. ವಿಮಾನದ ಕೊಟ್ಟಿಗೆಯ ಮುಂದೆ ನಿಂತು ಅವಳು ಕೇಳಿದಳು: "ಒಬ್ಬ ಸದಾ ಹೊರಗೆ ಗಾಳಿಗೆ ಬಾಯಿ ತೆರೆದು ನಿಂತಿರುತ್ತಾನೆ. ಹೊಟ್ಟೆ ಖಾಲಿಯಿದ್ದರೆ ನಿಜ ಹೇಳುತ್ತಾನೆ, ಏನಾದರೂ ತುಂಬಿತೋ ಸುಳ್ಳು ಹೇಳಿ ನನ್ನನ್ನೇ ಕೊಲ್ಲುತ್ತಾನೆ. ಯಾರವನು?"

"ಭಿಕ್ಷುಕ" ಎಂದ ಯುವರಾಜ. ಸೆರೆಮನೆಗೆ ಹೋದ.

ಎರಡನೆಯವನು ಒಬ್ಬ ಮಂತ್ರಿಯ ಮಗ. ಮೊದಲನೆಯದನ್ನು ಹೇಗೋ ದಾಟಿದ, ಎರಡನೆಯದಕ್ಕೆ ಮುಗ್ಗರಿಸಿದ. ಸೇನಾಪತಿಯ ಅಳಿಯ ಮೂರನೆಯದರ ತನಕ ಬಂದು "ವಿಧಿ" ಎಂದ. ಅವನೂ ಒಳಗೆ. ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಊರವರ ಮುಖ ಬಾಡಿತು, ನಾಗಲಾಂಬೆಗೆ ಮಾತ್ರ ನಿದ್ದೆ ಚೆನ್ನಾಗಿ ಬಂತು.

ಆಗ ಬಂದ ಚೌಡಪ್ಪ. ಸಂತೆಯಲ್ಲಿ ಚಾಪೆ ಹಾಸಿ ರೇಡಿಯೋ ರಿಪೇರಿ ಮಾಡುವವನು. ಕೊಟ್ಟಿಗೆಗೆ ತಂತಿ ತಂದುಕೊಟ್ಟು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದವನು. ಮೊದಲ ಒಗಟಿಗೆ ಅವನು ರೆಕ್ಕೆಯ ಕೆಳಗೆ ಬೆರಳು ತೋರಿಸಿದ.

"ಆ ಕೊಳವೆ, ಅಮ್ಮಣ್ಣಿ. ಎದುರುಗಾಳಿ ಅದರೊಳಗೆ ನುಗ್ಗಿದರೆ ತಾನೇ ವೇಗ ತಿಳಿಯೋದು? ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿದರೆ ಮೀಟರು ಸುಳ್ಳು ಹೇಳುತ್ತೆ."

"ನಿನಗೆ ಹೇಗೆ ಗೊತ್ತು?"

"ನೀವು ದಿನಾ ಕಡ್ಡಿ ಹಾಕಿ ನೋಡ್ತಿದ್ರಿ. ಬಾಗಿಲ ಸಂದಿಯಿಂದ ಕಂಡಿದ್ದೆ."

ನಾಗಲಾಂಬೆಗೆ ಮೈಯೆಲ್ಲ ಉರಿದುಹೋಯಿತು. ನನ್ನ ವಿಮಾನವನ್ನು ಕದ್ದು ನೋಡುವ ಧೈರ್ಯವೇ ಇವನಿಗೆ? ಹಲ್ಲು ಕಚ್ಚಿ ಎರಡನೆಯದನ್ನು ಕೇಳಿದಳು. "ವಿಮಾನ ರಾತ್ರಿಯೆಲ್ಲ ನಿಂತಲ್ಲೇ ನಿಂತಿತ್ತು. ಬೆಳಿಗ್ಗೆ ಒಳಗಿದ್ದವನೊಬ್ಬ 'ನಾವು ಮೇಲೇರಿದ್ದೇವೆ' ಎಂದ. ಅವನು ಕುಡಿದಿರಲಿಲ್ಲ, ಕನಸೂ ಕಂಡಿರಲಿಲ್ಲ. ಯಾರವನು?"

"ಅವತ್ತು ಮಳೆ ಮೋಡ ಕವಿದಿತ್ತೇನಮ್ಮಣ್ಣಿ?"

"ಕವಿದಿದ್ದರೆ ನಿನಗೇನು?" ಎಂದು ಅವಳು ಸಿಡುಕಿದಳು.

"ಹಾಗಾದರೆ ಎತ್ತರದ ಮೀಟರು. ಗಾಳಿಯ ಒತ್ತಡ ನೋಡಿ ಎತ್ತರ ಹೇಳೋದು ಅದರ ಕಸುಬು. ಮೋಡದ ದಿನ ಒತ್ತಡ ಇಳಿಯುತ್ತೆ, ಅದು ಮೇಲೇರಿದೆವು ಅಂದುಕೊಳ್ಳುತ್ತೆ. ಹೊರಡೋ ಮುಂಚೆ ತಿರುಗಿಸಿ ಸರಿಮಾಡಬೇಕು."

ಎರಡೂ ಸರಿಯಾಗಿದ್ದವು. ಮೂರನೆಯದರ ಉತ್ತರ ಅವಳಿಗೇ ಗೊತ್ತಿರಲಿಲ್ಲ. ಯಾರು ಏನೇ ಹೇಳಿದರೂ ತಪ್ಪು ಅನ್ನಬಹುದೆಂದೇ ಅದನ್ನಿಟ್ಟಿದ್ದಳು. "ಒಳಗೆ ದಿಕ್ಸೂಚಿಯಿದೆ. ನಾನಿಲ್ಲದಾಗ ಸರಿಯಾಗಿ ತೋರಿಸುತ್ತದೆ. ನಾನು ಹತ್ತಿ ಕೂತೆನೋ, ಮುಖ ತಿರುಗಿಸುತ್ತದೆ. ಅದನ್ನು ನನ್ನಿಂದ ತಿರುಗಿಸಿದವರು ಯಾರು?"

ಚೌಡಪ್ಪ ತಲೆ ಕೆರೆದುಕೊಂಡ. "ಒಂದು ಸಲ ಕೂತು ತೋರಿಸ್ತೀರಾ?"

ಅವಳು ಕೂತಳು. ಮೊಣಕಾಲಿನ ಬಳಿಯಿದ್ದ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ವಾಲಿತು. ಅವನು ಬಗ್ಗಿ ನೋಡಿದ್ದು ಮುಳ್ಳನ್ನಲ್ಲ, ಅವಳ ಸೊಂಟದ ಬೀಗದ ಕೈಗೊಂಚಲನ್ನು. ಕೊಟ್ಟಿಗೆಗೊಂದು ಬೀಗ, ಹತ್ಯಾರದ ಪೆಟ್ಟಿಗೆಗೊಂದು, ಗಾಜಿನ ಮುಚ್ಚಳಕ್ಕೊಂದು, ಪಕ್ಕದ ಸೀಟಿನ ಪಟ್ಟಿಗೂ ಒಂದು. ಎಲ್ಲಕ್ಕೂ ಗಟ್ಟಿ ಕಬ್ಬಿಣದ ಕೀಲಿಗಳು.

"ಅದನ್ನು ತೆಗೆದು ದೂರ ಇಡಿ, ಅಮ್ಮಣ್ಣಿ."

ಇಟ್ಟಳು. ಮುಳ್ಳು ತೂಗಾಡಿ ನಿಧಾನಕ್ಕೆ ಬಂದು ಸರಿಯಾದ ಕಡೆ ನಿಂತಿತು. ಯಾರೂ ಮುಟ್ಟಬಾರದೆಂದು ಹೊತ್ತು ತಿರುಗಿದ ಕಬ್ಬಿಣವೇ ಇಷ್ಟು ದಿನ ಅವಳನ್ನು ಅಲೆದಾಡಿಸಿತ್ತು. ಹೊಸ ಪರದೆ ಕೂರಿಸಿದ್ದರೂ ಆ ಕೀಲಿಗಳಿರುವ ತನಕ ದಾರಿ ತಪ್ಪುತ್ತಲೇ ಇರುತ್ತಿತ್ತು.

ಒಗಟಿನ ಫಲ ತಿಳಿಯಲು ಬಂದು ಬಾಗಿಲಲ್ಲಿ ನಿಂತಿದ್ದ ದೊರೆಗೆ ಇದೇನೂ ಕಂಡಿರಲಿಲ್ಲ. "ಉತ್ತರ ಸರಿಯೋ ತಪ್ಪೋ, ಮಗಳೇ?"

ತಪ್ಪು ಎಂದರೆ ಮುಗಿಯಿತು, ಕೇಳುವವರು ಯಾರೂ ಇಲ್ಲ. ವಿಮಾನ ಅವಳೊಬ್ಬಳದಾಗಿಯೇ ಉಳಿಯುತ್ತದೆ, ಇವನ ತಲೆ ಹೋಗುತ್ತದೆ. ಆ ಮಾತು ನಾಲಿಗೆಯ ತುದಿಗೂ ಬಂತು. "ನಿನಗೇಕೋ ಈ ಉಸಾಬರಿ?" ಎಂದು ಚೌಡಪ್ಪನನ್ನು ಮೆಲ್ಲಗೆ ಕೇಳಿದಳು.

"ಹೊಟ್ಟೆಕಿಚ್ಚು, ಅಮ್ಮಣ್ಣಿ. ಇಂಥದ್ದು ಕಟ್ಟಿದ್ದು ನೀವು, ನಾನಲ್ಲವಲ್ಲ ಅಂತ. ಒಂದು ತಂತಿಯನ್ನಾದರೂ ಜೋಡಿಸಿ ಸಾಯೋಣ ಅಂತ ಬಂದೆ."

ತನ್ನ ಹೊಟ್ಟೆಯೊಳಗಿನದೇ ಇನ್ನೊಬ್ಬರ ಬಾಯಲ್ಲಿ ಬಂದದ್ದು ಕೇಳಿ ನಾಲಿಗೆಯ ತುದಿಯ 'ತಪ್ಪು' ಹಿಂದಕ್ಕೆ ಸರಿಯಿತು. ಆಮೇಲೆ ಅಪ್ಪನ ಕಡೆ ತಿರುಗಿ, "ಸರಿ. ಮೂರೂ ಸರಿ" ಎಂದಳು.

ಬಹುಮಾನವಾಗಿ ಚೌಡಪ್ಪ ಸೆರೆಯಲ್ಲಿದ್ದವರ ತಲೆ ಉಳಿಸಿಕೊಡಿ ಎಂದು ಕೇಳಿದ. ದೊರೆ ಬಿಡಿಸಿಕೊಟ್ಟ, ಮೇಲೆ ಅರಮನೆಯ ಕೆಲಸವನ್ನೂ ಕೊಟ್ಟ. ಮಾರನೆಯ ದಿನವೇ ಹಳೇ ಫಲಕ ಇಳಿಯಿತು. ಅವನು ಒಂದೊಂದು ತಂತಿ ಸೇರಿಸುವಾಗಲೂ ನಾಗಲಾಂಬೆ ಪಕ್ಕದಲ್ಲೇ ನಿಂತು ಅವನ ಬೆರಳುಗಳನ್ನು ಕಾಯುತ್ತಿದ್ದಳು. ಕೊನೆಗೊಂದು ತಿರುಪು ಉಳಿಯಿತು. "ಇದು ನಿಮ್ಮದು" ಎಂದು ಅವನು ತಿರುಪುಳಿ ಚಾಚಿದ.

ಅವಳ ಕೈ ಅರ್ಧಕ್ಕೆ ಹೋಗಿ ನಿಂತಿತು. "ನೀನೇ ಬಿಗಿಸು" ಎಂದು ಹೇಳಿ ಕೊಟ್ಟಿಗೆಯ ಹೊರಗೆ ಹೋಗಿ, ನೋಡಲಾಗದೆ ಆ ಕಡೆ ಮುಖ ಮಾಡಿ ಕೂತಳು.