ಮೂರನೆಯ ಪ್ರಶ್ನೆ

ಹೊಳೆಗೆ ಇನ್ನೂ ಸೇತುವೆ ಬಂದಿರದ ಕಾಲ. ದಡದ ಆಶ್ರಮದಲ್ಲಿ ರೇವಣಾರ್ಯರೆಂಬ ವೈದ್ಯಗುರುಗಳಿದ್ದರು. ಇಂದು ತಲೆ ನರೆತಿರುವ ಸೋಮಧರ ಅಂದು ಅವರ ಶಿಷ್ಯ. ಲವಂಗದೆಣ್ಣೆಯ ಘಾಟು ಎಲ್ಲಿ ಸುಳಿದರೂ ಅವನ ಮನಸ್ಸು ಈಗಲೂ ಆ ದಡಕ್ಕೇ ಹೋಗಿ ನಿಲ್ಲುತ್ತದೆ.

ಅಲ್ಲೊಂದು ಕಟ್ಟುಪಾಡಿತ್ತು. ನೋವೆಂದು ಬಂದವರಿಗೆ ಮೂರು ಪ್ರಶ್ನೆ ಕೇಳದೆ ಔಷಧದ ಪೆಟ್ಟಿಗೆ ತೆರೆಯುವಂತಿರಲಿಲ್ಲ. ನೋವು ಎಂದಿನಿಂದ? ಯಾವ ಔಷಧ ಮೈಗೆ ಒಗ್ಗದು? ಇನ್ನು ನಿನಗೇನು ಕೆಲಸವಿದೆ?

ಮೂರನೆಯದು ಬರಿಯ ಹರಟೆಯೆಂದು ಸೋಮಧರನ ಎಣಿಕೆ.

ಪೆಟ್ಟಿಗೆಯ ಕೀಲಿಕೈ ಅವನ ಕೈಗೆ ಬಂದ ಮೊದಲ ಬೆಳಿಗ್ಗೆಯೇ ಅಂಬಿಗ ದ್ಯಾವಣ್ಣ ಕೆನ್ನೆ ಹಿಡಿದುಕೊಂಡು ಬಂದ.

“ಹಲ್ಲುನೋವು ಸ್ವಾಮಿ, ಪ್ರಾಣ ಹೋಗ್ತದೆ!”

ಎರಡು ಪ್ರಶ್ನೆ ಕೇಳಿದ ಸೋಮಧರ, ಲವಂಗದೆಣ್ಣೆಯ ಸೀಸೆಯನ್ನು ಬದಿಗೆ ಸರಿಸಿ ಅಫೀಮಿನ ಗುಳಿಗೆ ಕೊಟ್ಟ. ನೋವು ಅಡಗಿತು. ಶಿಷ್ಯನ ಎದೆ ಉಬ್ಬಿತು.

ಮಧ್ಯಾಹ್ನ ಆಚೆ ದಡದಿಂದ ಕೂಗು ಕೇಳಿಸಿತು. ಸೂಲಗಿತ್ತಿ ಕೆಂಚಮ್ಮ ಸೆರಗು ಬೀಸುತ್ತಿದ್ದಳು. ಈಚೆಯ ಊರಿನಲ್ಲಿ ಚೊಚ್ಚಲ ಬಸುರಿಯೊಬ್ಬಳಿಗೆ ಬೆಳಗಿನಿಂದ ಬೇನೆ. ದ್ಯಾವಣ್ಣನೋ ದೋಣಿಯ ಪಕ್ಕದ ಮರಳಿನಲ್ಲಿ ಗೊರಕೆ ಹೊಡೆಯುತ್ತಿದ್ದ, ಅಲುಗಿಸಿದರೂ ಏಳಲಿಲ್ಲ.

ಗುರುಗಳು ಹುಟ್ಟನ್ನು ಎತ್ತಿ ಶಿಷ್ಯನ ಕೈಗಿತ್ತರು.

“ನನಗೆ ಬಾರದು, ಗುರುಗಳೇ.”

“ಬಲ್ಲವನನ್ನು ನೀನು ಮಲಗಿಸಿದ್ದೀಯೆ.”

ದೋಣಿ ಸೆಳವಿಗೆ ಸಿಕ್ಕಿ ಎರಡು ಬಾರಿ ಗಿರ್ರನೆ ತಿರುಗಿತು. ಮರಳುವಾಗ ಕೆಂಚಮ್ಮ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

“ನೀವು ಹುಟ್ಟು ಹಾಕೋ ಚಂದ ನೋಡಿದ್ರೆ ನಂಗೇ ಇಲ್ಲಿ ಹೆರಿಗೆಯಾಗ್ತದೆ! ಬೇಗ ಹಾಕ್ರಪ್ಪ, ಅಲ್ಲಿ ಎರಡು ಜೀವ ಕಾಯ್ತಿದಾವೆ.”

ಸಂಜೆ ಇಳಿಯುವ ಹೊತ್ತಿಗೆ ಸುದ್ದಿ ಬಂತು: ಹೆಣ್ಣುಮಗು, ತಾಯಿ ಕ್ಷೇಮ.

ಸೋಮಧರ ಜಗಲಿಯ ಮೇಲೆ ಕುಸಿದು ಕುಳಿತ. ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು, ಹೆಗಲು ಸಿಡಿಯುತ್ತಿತ್ತು.

“ತಪ್ಪಾಯಿತು, ಗುರುಗಳೇ. ಆದರೆ ಈ ನೋವು ತಾಳಲಾರೆ. ನನಗೂ ಆ ಗುಳಿಗೆಯನ್ನೇ ಕೊಡಿ.”

ಗುರುಗಳು ಬೈಯಲಿಲ್ಲ. ಲಕ್ಕಿಸೊಪ್ಪನ್ನು ಬಿಸಿಮಾಡಿ, ಬಟ್ಟೆಯಲ್ಲಿ ಕಟ್ಟಿ, ಶಿಷ್ಯನ ಹೆಗಲಿಗೆ ಮೆಲ್ಲಗೆ ಒತ್ತತೊಡಗಿದರು.

“ನೋವು ಎಂದಿನಿಂದ, ಮಗು?”

“ಮಧ್ಯಾಹ್ನದಿಂದ.”

“ಯಾವ ಔಷಧ ಒಗ್ಗದು?”

“ಎಲ್ಲವೂ ಒಗ್ಗುತ್ತದೆ.”

ದ್ಯಾವಣ್ಣನ ಗೊರಕೆ ಇನ್ನೂ ಕೇಳಿಸುತ್ತಿತ್ತು. ಬಾಣಂತಿಯ ಮನೆಯವರು ಕೊಟ್ಟ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಊರಿಗೆ ಮರಳಲು ಕೆಂಚಮ್ಮ ದೋಣಿಯತ್ತ ಇಳಿದು ಬರುತ್ತಿದ್ದಳು.

ಗುರುಗಳು ಅವಳನ್ನು ನೋಡಿದರು, ಶಿಷ್ಯನನ್ನು ನೋಡಿದರು.

“ಇನ್ನು ನಿನಗೇನು ಕೆಲಸವಿದೆ?”