ಗವಾಕ್ಷಿಯಲ್ಲಿ ಬಂದ ತಂತಿ

ಹತ್ತಿರ ಬನ್ನಿ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಲಿ. ಆಚೆ ಬಿತ್ತೋ, ನಾನು ಹೇಳೇ ಇಲ್ಲ ಅಂತ ಆಣೆ ಮಾಡಿಬಿಡ್ತೀನಿ.

ಹೊಳೆದಂಡೆಯ ನಮ್ಮ ವಠಾರದಲ್ಲಿ, ನನ್ನ ಪಕ್ಕದ ಬಾಡಿಗೆ ಮನೆಯಲ್ಲಿ ಗುರುಮಲ್ಲಯ್ಯನವರಿದ್ದಾರೆ. ತತ್ವಪದ ಹೇಳಿಕೊಡುವವರು. ಹೆಂಡತಿ ಇಲ್ಲ. ಶಿಷ್ಯೆ ಸುಗುಣ ಗಂಡನ್ನ ಬಿಟ್ಟವಳು. ಸಂಜೆ ಬಂದರೆ ಬಾಗಿಲು ಒರಗಿಸಿಕೊಳ್ಳುತ್ತಿದ್ದಳು. ಇಷ್ಟು ಸಾಲದೆ? ನಲ್ಲಿ ಹತ್ತಿರ ಹೇಳುವಷ್ಟನ್ನು ಹೇಳಿದ್ದೆ.

ಎರಡು ಮನೆಗೂ ನಡುವೆ ಒಂದೇ ಗೋಡೆ, ಮೇಲೊಂದು ಗವಾಕ್ಷಿ. ನನ್ನ ಕಿವಿಯ ತಪ್ಪೇನಿದೆ?

ಅಯ್ಯನವರಿಗೆ ಮರೆವು ಶುರುವಾಗಿತ್ತು. ಅವರ ಪದಗಳು ಯಾವ ಪುಸ್ತಕದಲ್ಲೂ ಇಲ್ಲ. ಮುಖ ನೋಡಿಕೊಂಡೇ ಕಲಿಯಬೇಕು. ಅಷ್ಟರಲ್ಲಿ ಸುಗುಣಳಿಗೆ ಬೀದರಿಗೆ ವರ್ಗವಾಯಿತು.

ಪಾಠ ನಿಲ್ಲಬಾರದೆಂದು ಅವಳು ತನ್ನ ಕಂಪ್ಯೂಟರನ್ನು ಆಟೋದಲ್ಲಿ ತಂದು ಅವರ ಮುಂದಿಟ್ಟಳು. ಇಂಟರ್ನೆಟ್ಟಿನವನು ಬಂದು, ಇವರ ಕಿಟಕಿ ಹೊಳೆ ಕಡೆಗಿದೆ, ಕಂಬ ಬೀದಿ ಕಡೆ, ಗೋಡೆ ಕೊರೆಯದೆ ತಂತಿ ಒಳಗೆ ಬರೋಲ್ಲ ಅಂದು ಹೋದ.

ಮನೆ ಕೊಡುವಾಗಲೇ ಓನರ್ ಹೇಳಿದ್ದರು: ಒಂದು ಮೊಳೆಯನ್ನೂ ಹೊಡೆಯಕೂಡದು. ಅಯ್ಯನವರ ತಂಬೂರಿ ಕೂಡ ಕಿಟಕಿ ಸರಳಿಗೇ ನೇತಾಡುತ್ತಿತ್ತು.

ಸುಗುಣ ಉಳಿ, ಸುತ್ತಿಗೆ ತಂದಳು.

"ಓನರ್ ಊರಲ್ಲಿಲ್ಲ ಅಯ್ಯಾ. ಸ್ವಲ್ಪ ಸರೀರಿ."

ಅಯ್ಯನವರು ಅದೇ ಗೋಡೆಗೆ ಬೆನ್ನು ಕೊಟ್ಟು ಕೂತರು.

"ಪದಗಳು ಹೋಗಿಬಿಡ್ತವೆ ಅಯ್ಯಾ!"

"ಹೋಗಲಿ. ಕದ್ದು ಕೊರೆದ ತೂತಲ್ಲಿ ಉಳಿಯೋದು ಬೇಡ."

"ಮತ್ತೆ ತಂತಿ ಎಲ್ಲಿಂದ ತರಲಿ?"

ಅಯ್ಯನವರು ತಲೆ ಎತ್ತಿ ಗವಾಕ್ಷಿ ನೋಡಿದರು.

"ಆ ಬಾಯಿಬಡಕಿ ಹತ್ರ ಕೇಳಲಾ? ನನ್ನ ಮಾನ ಹರಾಜು ಹಾಕಿದವಳ ಹತ್ರ?"

"ಅವರ ಕಿಟಕಿ ಎದುರೇ ಕಂಬ ಇದೆ," ಅಂದರು. ಅಷ್ಟೇ.

ನಾನು ಸ್ಟೂಲಿನಿಂದ ಇಳಿದೆ.

ಸುಗುಣ ಬಂದಳು. ಕಣ್ಣು ಕೆಂಪಗಿತ್ತು.

"ಚೆನ್ನಾಜಮ್ಮನೋರೆ, ನಿಮ್ಮ ಕಿಟಕಿಯಿಂದ ಒಂದು ತಂತಿ..."

"ನಿಮ್ಮಿಬ್ಬರ ನಡುವೆ ನಾನ್ಯಾಕಮ್ಮ?" ಅಂದೆ.

ಅವಳು ಹೋಗಲಿಲ್ಲ. ನೆಲ ನೋಡುತ್ತಾ ನಿಂತಳು.

"ನನ್ನನ್ನ ಏನಾದರೂ ಅನ್ನಿ. ಪದ ಉಳೀಲಿ."

ಹಾಳಾದವಳು, ಹಾಗಂದರೆ ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಕಿಟಕಿ ತೆರೆದೆ. ತಂತಿ ನನ್ನ ಮನೆ ಹಾದು, ಗವಾಕ್ಷಿ ದಾಟಿ ಅಯ್ಯನವರ ಮನೆಗಿಳಿಯಿತು.

ಅವಳು ಬೀದರಿಗೆ ಹೋದಳು. ಸಂಜೆಯಾದರೆ ಕಂಪ್ಯೂಟರಿನಲ್ಲಿ ಅವಳ ಮುಖ ಬರುತ್ತೆ, ಅಯ್ಯನವರು ಹಾಡುತ್ತಾರೆ.

ಮೊನ್ನೆ "ಬಾಗಿಲಿಲ್ಲದ ಮನೆಗೆ ಬೀಗ ಹಾಕಿದೆನಯ್ಯಾ" ಅಂದವರು ನಿಂತುಬಿಟ್ಟರು. ಮತ್ತೆ ಅದೇ ಸಾಲು.

"ಮುಂದೆ, ಅಯ್ಯಾ?" ಅಂದಳು ಸುಗುಣ.

"ಇಲ್ಲ ಮಗಳೇ. ಹೋಯ್ತು."

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಗವಾಕ್ಷಿಯಿಂದಲೇ ಕೂಗಿದೆ: "ಒಳಗೆ ಕೂತವನೇ ಕೀಲಿ ನುಂಗಿದನಯ್ಯಾ!"

ಬೀದರಿನಲ್ಲಿ ಸುಗುಣ ಬಿಕ್ಕಿದ್ದು ನನ್ನ ಮನೆಗೂ ಕೇಳಿಸಿತು.

ಬೆಳಿಗ್ಗೆ ನಲ್ಲಿ ಹತ್ತಿರ ಅಯ್ಯನವರು ಎದುರಾದರು. ಕದ್ದು ಕೇಳಿದ್ದಕ್ಕೆ ಬೈತಾರೆ ಅಂತ ಕೊಡದ ಮೇಲೆ ಕಣ್ಣಿಟ್ಟೆ.

ಅವರು ನನ್ನ ಮುಖಕ್ಕೇ ಅಂದರು:

"ಇನ್ನು ಒಳಗೇ ಬಂದು ಕೂತ್ಕೊಳ್ಳಿ ತಾಯಿ. ಇಷ್ಟು ವರ್ಷದಲ್ಲಿ ಒಂದು ಪಾಠವನ್ನೂ ತಪ್ಪಿಸದ ಶಿಷ್ಯೆ ನೀವೊಬ್ಬರೇ."