ಇಳಿಜಾರಿನ ಬುಡದಾಗ ಆರತಿ

ಕಲ್ಲಿನ ಕ್ವಾರಿಯ ಇಳಿಜಾರಿನಲ್ಲಿ ಕೆಂಪು ಪಿಕಪ್ಪಿನ ಬ್ರೇಕ್ ಹಿಡಿಯದೆ ಡ್ರೈವರ್ ಅಡಿವೆಪ್ಪ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಅಷ್ಟರಲ್ಲೇ ಕ್ವಾರಿಯ ಸಾಹುಕಾರ ಒಂದನ್ನು ಆರಿಸಿ ಕೊಳ್ಳಲೆಂದು ಎರಡು ಹೊಸ ಪಿಕಪ್ ತರಿಸಿ ನಿಲ್ಲಿಸಿದ. ಬಿಳಿಯದು ಬೇರೆ ಕಂಪನಿಯದು. ಕೆಂಪು ಅದೇ ಹಳೆಯ ಕಂಪನಿಯದು, ಮಾರುವವನು ಸಾಹುಕಾರನ ಭಾವಮೈದ.

ಹಿರಿಯ ಡ್ರೈವರ್ ಒಪ್ಪದೆ ಉಳಿದವರು ಗಾಡಿ ಹತ್ತುತ್ತಿರಲಿಲ್ಲ. ಸಾಹುಕಾರ ಅವನ ಕಿವಿಯಲ್ಲಿ ಮೆಲ್ಲಗೆ ಗದರಿದ: "ಎರಡೂ ಓಡಿಸಿ, ಕೆಂಪೇ ಚಲೋ ಅನ್ನು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ಡ್ರೈವರ್ ಎಲ್ಲರಿಗೂ ಕೇಳುವಂತೆ ಹೇಳಿದ: "ಆಗ್ಲಿ ಸಾವ್ಕಾರ್ರ. ಹೊಸ ಗಾಡಿಗೆ ಮಾಲೀಕರೇ ಎದುರು ನಿಂತು ಆರತಿ ಮಾಡೋದು ಪದ್ಧತಿ. ನೀವು ಇಳಿಜಾರಿನ ಬುಡದಾಗ ನಿಲ್ರಿ. ನಾ ಕಲ್ಲು ತುಂಬ್ಕೊಂಡು ಮೇಲಿಂದ ತರ್ತೀನಿ."

ಬಿಳಿ ಗಾಡಿ ಇಳಿಯಿತು. ಸಾಹುಕಾರ ಆರತಿ ತಟ್ಟೆ ಹಿಡಿದು ಅಲುಗದೆ ನಿಂತ. ಕೆಂಪು ಗಾಡಿ ಅರ್ಧ ಇಳಿಯುವಷ್ಟರಲ್ಲಿ ತಟ್ಟೆಯನ್ನು ಪಕ್ಕದಲ್ಲಿ ನಿಂತಿದ್ದ ಭಾವಮೈದನ ಕೈಗೆ ತುರುಕಿ ಓಡಿದ. ಭಾವಮೈದ ಅದನ್ನು ನೆಲಕ್ಕೆಸೆದು ಅವನಿಗಿಂತ ಮುಂದೆ ಓಡಿದ.

ಅವತ್ತು ಕೆಂಪು ಗಾಡಿಯೂ ನಿಂತಿತು. ಯಾರೂ ನಗಲಿಲ್ಲ.

"ಬಿಳೀದೇ ಇರಲಿ," ಎಂದ ಸಾಹುಕಾರ, ಏದುಸಿರು ಬಿಡುತ್ತ.

ಡ್ರೈವರ್ ಬಿದ್ದ ತಟ್ಟೆಯನ್ನು ಎತ್ತಿಕೊಟ್ಟ. "ನಿಮಗ ಓಡಾಕ ಜಾಗ ಇತ್ತು, ಸಾವ್ಕಾರ್ರ. ಒಳಗ ಕುಂತ ಅಡಿವೆಪ್ಪಗ ಇರಲಿಲ್ಲ."